ಅರಿಜೋನಾದ ಹೊಳೆದಂಡೆಯ ಮೆಸ್ಕೀಟ್ ಕಾಡು, ಹಗರಿ ದಂಡೆಯ ಬಳ್ಳಾರಿ ಜಾಲಿ

ಪ್ರಶ್ನೆ: ನಾವು ಕೆಲವು ವರ್ಷಗಳಿಂದ ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಿನಲ್ಲಿದ್ದೇವೆ. ಊರು ಸಿರುಗುಪ್ಪ ತಾಲ್ಲೂಕು, ಹಗರಿ ದಂಡೆಯ ಹಳ್ಳಿ. ಈಚೆಗೆ ಸ್ಯಾನ್ ಪೆಡ್ರೊ ನದಿ ನೋಡಲು ಹೋಗಿದ್ದೆವು. ಸುತ್ತಲೂ ಕುರುಚಲು ಮರುಭೂಮಿ. ಹೊಳೆಯ ಪಕ್ಕದಲ್ಲಿ ಮಾತ್ರ ನಮ್ಮ ಬಳ್ಳಾರಿ ಜಾಲಿಯಂಥದೇ ಮರಗಳ ದಟ್ಟ ಕಾಡು, ನೆರಳು, ಲೆಕ್ಕವಿಲ್ಲದಷ್ಟು ಹಕ್ಕಿ. ಅದನ್ನು ಕಾಪಾಡಲು ಇಲ್ಲಿ ಕಾನೂನೇ ಇದೆಯಂತೆ. ಊರಲ್ಲಿ ಅಪ್ಪ ಜಾಲಿ ಕಡಿದು ಕಡಿದು ಸೋತಿದ್ದಾರೆ. ಎರಡೂ ಒಂದೇ ಮರವೇ? ಅಲ್ಲಿ ಪೀಡೆಯಾದದ್ದು ಇಲ್ಲಿ ಕಾಡು ಹೇಗಾಯಿತು? ನಮ್ಮ ಹೊಲದ ಜಾಲಿಗೆ ಏನು ಮಾಡಬೇಕು? ಟೂಸಾನ್ ಮನೆಯ ಮುಂದೆ ಮೆಸ್ಕೀಟ್ ನೆಡಬಹುದೇ?

ಉತ್ತರ: ಒಂದೇ ಮರವಲ್ಲ, ಆದರೆ ಹತ್ತಿರದ ಸಂಬಂಧಿಗಳು. ನೀವು ನೋಡಿದ್ದು ವೆಲ್ವೆಟ್ ಮೆಸ್ಕೀಟ್, ಪ್ರೊಸೋಪಿಸ್ ವೆಲ್ಯುಟಿನಾ. ಅದರ ಎಳೆಯ ಎಲೆ ಮತ್ತು ಕಾಯಿಯ ಮೇಲೆ ನವಿರಾದ ರೋಮವಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಮರ ಅದು. ಹಗರಿ ದಂಡೆಯದು ಪ್ರೊಸೋಪಿಸ್ ಜೂಲಿಫ್ಲೋರಾ. ಮಧ್ಯ ಅಮೆರಿಕ, ಕೆರಿಬಿಯನ್, ದಕ್ಷಿಣ ಅಮೆರಿಕದ ಉತ್ತರ ಅಂಚಿನ ಬಿಸಿನಾಡಿನಲ್ಲಿ ಹುಟ್ಟಿದ್ದು, ಹಿಮ ಬೀಳುವ ಚಳಿಯನ್ನು ತಡೆಯದು, ನಮ್ಮಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಹಸಿರು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಇದರ ಬೀಜ ತರಿಸಿ ಕಡಪ ಸೀಮೆಯಲ್ಲಿ ನೆಡಿಸಿದರು. ಬಳ್ಳಾರಿ ಆಗ ಅದೇ ಪ್ರಾಂತ್ಯದೊಳಗಿತ್ತು. ಬೋಳು ನೆಲಕ್ಕೆ ಹಸಿರು ಬರಲಿ, ಜನಕ್ಕೆ ಸೌದೆ ಸಿಗಲಿ ಎಂಬ ಉದ್ದೇಶ ಇತ್ತು, ಎರಡೂ ಈಡೇರಿದವು ಎನ್ನಬೇಕು.

ಹೆಸರಿನ ವಿಷಯದಲ್ಲಿ ಒಂದು ಹೊಸ ಸಂಗತಿ ಇದೆ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಕುಲವನ್ನು ಒಡೆದರು. ಈ ಎರಡೂ ಮರಗಳು ಈಗ ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಹೋಗಿವೆ. ಪ್ರೊಸೋಪಿಸ್ ಎಂಬ ಹೆಸರು ಹಳೆಯ ಜಗತ್ತಿನ ಬೆರಳೆಣಿಕೆಯ ಜಾತಿಗಳಿಗೆ ಉಳಿದಿದೆ, ಅದರಲ್ಲಿ ನಮ್ಮ ಬನ್ನಿ ಮರವೂ ಒಂದು. ಬಳ್ಳಾರಿ ಜಾಲಿ ಬನ್ನಿಯ ಒಡಹುಟ್ಟು ಎಂದು ಇಷ್ಟು ದಿನ ಪಾಠ ಹೇಳುತ್ತಿದ್ದವರು ಇನ್ನು ಮುಂದೆ ದೂರದ ನೆಂಟ ಎನ್ನಬೇಕಾಗುತ್ತದೆ. ನಾನು ಈ ಉತ್ತರದಲ್ಲಿ ಎಲ್ಲರಿಗೂ ರೂಢಿಯಿರುವ ಹಳೆಯ ಹೆಸರನ್ನೇ ಬಳಸುತ್ತೇನೆ.

ಜಾತಿ ಬೇರೆ ಎಂದ ಮಾತ್ರಕ್ಕೆ ನಿಮ್ಮ ಪ್ರಶ್ನೆ ಮುಗಿಯುವುದಿಲ್ಲ. ಅರಿಜೋನಾದಲ್ಲೇ, ಟೂಸಾನ್‌ನಿಂದ ದಕ್ಷಿಣಕ್ಕೆ ಸಾಂತಾ ರೀತಾ ಬೆಟ್ಟದ ಬುಡದಲ್ಲಿ, ಇದೇ ವೆಲ್ವೆಟ್ ಮೆಸ್ಕೀಟ್ ಪೀಡೆ ಎನಿಸಿಕೊಂಡಿದೆ. ಅಲ್ಲಿ 1903ರಿಂದ ಹುಲ್ಲುಗಾವಲಿನ ಸಂಶೋಧನಾ ಕ್ಷೇತ್ರವೊಂದು ನಡೆಯುತ್ತಿದೆ. ಒಂದೇ ಜಾಗದಿಂದ ದಶಕಗಳ ಅಂತರದಲ್ಲಿ ತೆಗೆದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ತೆರೆದ ಹುಲ್ಲುಗಾವಲು ಮೆಸ್ಕೀಟ್ ಕುರುಚಲಾಗಿ ಬದಲಾದದ್ದು ಕಣ್ಣಿಗೆ ಕಟ್ಟುತ್ತದೆ. ದನ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿತು, ಮೇದು ಮೇದು ಹುಲ್ಲು ತೆಳ್ಳಗಾಯಿತು, ಹುಲ್ಲಿಲ್ಲದ ಕಡೆ ಸಸಿ ಸುಡುವ ಬೆಂಕಿಯೂ ಹರಡಲಿಲ್ಲ. ಅದೇ ಮರ, ಅದೇ ಸೀಮೆ. ಹೊಳೆದಂಡೆಯಲ್ಲಿ ಅದನ್ನು ಕಾಯುವ ಜನವೇ ಹುಲ್ಲುಗಾವಲಿನಲ್ಲಿ ಕೀಳಿಸುತ್ತಾರೆ. ಹಾಗಾಗಿ ಮರವನ್ನು ಸ್ವಲ್ಪ ಹೊತ್ತು ಬಿಟ್ಟು, ಅದರ ಬೇರಿನ ಕೆಳಗೆ ನೀರು ಎಷ್ಟು ಆಳದಲ್ಲಿದೆ, ಅದರ ಸುತ್ತ ಯಾರಿದ್ದಾರೆ ಎಂಬುದನ್ನು ನೋಡಬೇಕು.

ಮುಂದಿನ ಸಲ ಹೋದಾಗ ಹೊಳೆಯ ನೀರಿನಿಂದ ಆಚೆಗೆ, ದಿಬ್ಬದ ಕಡೆಗೆ ನಿಧಾನವಾಗಿ ನಡೆಯಿರಿ. ಟೂಸಾನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 300 ಮಿಲಿಮೀಟರ್‌ಗೂ ಕಡಿಮೆ. ಅಷ್ಟು ಮಳೆಯ ಮೇಲೆ ಅಂಥ ಕಾಡು ನಿಲ್ಲುವುದು ಸಾಧ್ಯವೇ ಇಲ್ಲ. ಅಲ್ಲಿನ ಗಿಡಮರಗಳು ಸಾಲುಗಟ್ಟಿರುವುದು ನೆಲದಡಿಯ ನೀರಿನ ಆಳಕ್ಕೆ ತಕ್ಕಂತೆ.

ನೀರಿಗೆ ತೀರಾ ಹತ್ತಿರ, ಮರಳು ಮೆಕ್ಕಲಿನ ಮೇಲೆ ಫ್ರೀಮಾಂಟ್ ಕಾಟನ್‌ವುಡ್ ಮತ್ತು ಗುಡಿಂಗ್ ವಿಲೋ ಮರಗಳು. ಇವು ನೀರುಬಾಕ ಮರಗಳು, ಅಂತರ್ಜಲ ಮೂರು ನಾಲ್ಕು ಮೀಟರ್ ಒಳಗಿದ್ದರೆ ಮಾತ್ರ ಸುಖವಾಗಿರುತ್ತವೆ. ಇವುಗಳ ಬೀಜ ವಸಂತದಲ್ಲಿ ಹತ್ತಿಯ ಹಾಗೆ ಹಾರುತ್ತದೆ, ಕೆಲವೇ ವಾರ ಬದುಕಿರುತ್ತದೆ. ಅಷ್ಟರೊಳಗೆ ನೆರೆ ಉಜ್ಜಿ ಹೋದ ಬೋಳು ಒದ್ದೆ ನೆಲ ಸಿಕ್ಕಬೇಕು, ಆ ತೇವ ಮೆಲ್ಲಗೆ ಕೆಳಗಿಳಿಯಬೇಕು, ಬೇರು ಅದನ್ನು ಹಿಂಬಾಲಿಸಬೇಕು. ಎಲ್ಲವೂ ಹೊಂದಿ ಬರುವ ವರ್ಷಗಳು ಅಪರೂಪ. ಅದಕ್ಕೇ ಒಂದೇ ವಯಸ್ಸಿನ ಮರಗಳು ಪಟ್ಟಿ ಪಟ್ಟಿಯಾಗಿ ಕಾಣುತ್ತವೆ.

ಅಲ್ಲಿಂದ ಒಂದೆರಡು ಮೀಟರ್ ಮೇಲಕ್ಕೆ ಹತ್ತಿದರೆ ಹಳೆಯ ಮೆಕ್ಕಲಿನ ಸಮತಟ್ಟು ಬರುತ್ತದೆ. ದೊಡ್ಡ ನೆರೆ ಬಂದಾಗ ಮಾತ್ರ ನೀರು ಕಾಣುವ ನೆಲ ಇದು. ಮೆಸ್ಕೀಟ್ ಕಾಡು ಇರುವುದು ಇಲ್ಲಿ. ಅಂತರ್ಜಲ ಕೈಗೆಟುಕುವ ಕಡೆ ಮರ ಹತ್ತು ಹನ್ನೆರಡು ಮೀಟರ್ ಎತ್ತರವಾಗಿ, ತುದಿಗಳು ಒಂದಕ್ಕೊಂದು ಕೂಡಿಕೊಂಡು ಚಪ್ಪರವಾಗುತ್ತದೆ. ನೀರು ಆಳಕ್ಕೆ ಹೋದಂತೆ ಮರ ಗಿಡ್ಡವಾಗುತ್ತ, ಎಲೆ ಸಣ್ಣದಾಗುತ್ತ, ಕೊನೆಗೆ ಬೆಟ್ಟದ ಬುಡದಲ್ಲಿ ಆಳೆತ್ತರದ ಪೊದೆಯಾಗುತ್ತದೆ. ಎತ್ತರವನ್ನು ನೋಡಿಯೇ ಕೆಳಗೆ ನೀರು ಎಷ್ಟು ದೂರ ಎಂದು ಅಂದಾಜು ಮಾಡಬಹುದು.

ಮೆಸ್ಕೀಟ್ ಒಂದೇ ಇದ್ದರೆ ಅದನ್ನು ಕಾಡು ಎನ್ನುತ್ತಿರಲಿಲ್ಲ. ಅದರ ನಡುವೆ ನೆಟ್‌ಲೀಫ್ ಹ್ಯಾಕ್‌ಬೆರಿ, ಎಲ್ಡರ್‌ಬೆರಿ, ಕ್ಯಾಟ್‌ಕ್ಲಾ ಎಂಬ ಕೊಕ್ಕೆಮುಳ್ಳಿನ ಜಾಲಿ ಇರುತ್ತವೆ. ಗ್ರೇಥಾರ್ನ್ ಎಂಬ ಮುಳ್ಳುಪೊದೆಯನ್ನು ಗಮನಿಸಿ, ಅದು ನಮ್ಮ ಬೋರೆಹಣ್ಣಿನದೇ ಕುಲ. ಕೆಲವು ಕಡೆ ಸೋಪ್‌ಬೆರಿ ಸಿಗುತ್ತದೆ, ಅದು ನಮ್ಮ ಅಂಟುವಾಳದ ಕುಲ, ಕಾಯಿ ನೋಡಿದರೆ ನಿಮಗೆ ಗುರುತು ಹತ್ತುತ್ತದೆ. ಉಪ್ಪು ನೆಲದಲ್ಲಿ ಸಾಲ್ಟ್‌ಬುಷ್ ಪೊದೆಗಳು. ಮರವೇರುವ ಬಳ್ಳಿಗಳಲ್ಲಿ ಕಾಡುದ್ರಾಕ್ಷಿ, ಕ್ಲೆಮಾಟಿಸ್. ತೆರಪಿರುವಲ್ಲಿ ಸಕಟೋನ್ ಎಂಬ ಆಳೆತ್ತರದ ಒರಟು ಹುಲ್ಲು, ದೊಡ್ಡ ದೊಡ್ಡ ಗುಪ್ಪೆಯಾಗಿ ಬೆಳೆಯುತ್ತದೆ. ಒಂದು ಕಾಲಕ್ಕೆ ಈ ನದಿಬಯಲುಗಳ ಬಹುಭಾಗ ಸಕಟೋನ್ ಹುಲ್ಲೇ ಇತ್ತು.

ನೆಲದ ಮೇಲಿನ ಸಣ್ಣ ಸಸ್ಯಗಳಿಗೆ ಎರಡು ಸರದಿ. ಚಳಿಗಾಲದ ಮಳೆಗೆ ಹುಟ್ಟುವವು ಒಂದು ಗುಂಪು, ಆಗ ಮೆಸ್ಕೀಟ್ ಬೋಳಾಗಿರುವುದರಿಂದ ಬಿಸಿಲು ನೆಲ ಮುಟ್ಟುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಹುಟ್ಟುವವು ಇನ್ನೊಂದು ಗುಂಪು, ಅದರಲ್ಲಿ ಕಾಡು ದಂಟಿನ ಜಾತಿ ಜೋರು. ಈ ಬೇಸಿಗೆ ಮಳೆಯನ್ನು ಅಲ್ಲಿಯೂ ಮಾನ್ಸೂನ್ ಎಂದೇ ಕರೆಯುವುದನ್ನು ನೀವು ಕೇಳಿರುತ್ತೀರಿ.

ಬೋಳು ಮೆಸ್ಕೀಟ್ ರೆಂಬೆಗಳಲ್ಲಿ ಚಳಿಗಾಲದಲ್ಲಿ ಗುಂಪು ಗುಂಪಾಗಿ ಜೋತುಬಿದ್ದಿರುವುದು ಬದನಿಕೆ. ಅದರ ಕೆಂಪು ಹಣ್ಣನ್ನು ತಿಂದು ಬದುಕುವ ಹಕ್ಕಿಯ ಹೆಸರು ಫೈನೋಪೆಪ್ಲಾ. ಗಂಡು ಕಡುಗಪ್ಪು, ತಲೆಯ ಮೇಲೆ ಜುಟ್ಟು, ಕಣ್ಣು ಕೆಂಪು. ಹಣ್ಣು ತಿಂದು ಇನ್ನೊಂದು ಕೊಂಬೆಯ ಮೇಲೆ ಹಿಕ್ಕೆ ಹಾಕಿ ಬದನಿಕೆಯನ್ನು ಹರಡುವುದೂ ಅದೇ. ಮರದ ಪೊಟರೆಯಲ್ಲಿ, ಸಡಿಲ ತೊಗಟೆಯ ಹಿಂದೆ ಲೂಸೀಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಗೂಡು ಮಾಡುತ್ತದೆ. ಹಳೆಯ ಮರವಿಲ್ಲದೆ ಪೊಟರೆಯಿಲ್ಲ, ಆದ್ದರಿಂದ ಎಳೆಯ ಪೊದೆಗಳು ಎಷ್ಟೇ ಎಕರೆ ಇದ್ದರೂ ಇದಕ್ಕೆ ಸಾಲದು. ಹಳದಿ ಕೊಕ್ಕಿನ ಕೋಗಿಲೆಯ ಪಶ್ಚಿಮದ ಬಳಗವನ್ನು 2014ರಲ್ಲಿ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಲಾಯಿತು, ಅದಕ್ಕೂ ಸ್ಯಾನ್ ಪೆಡ್ರೊ ದಂಡೆ ಮುಖ್ಯ ಆಸರೆ.

ಇನ್ನು ನೀರಿನ ಕೆಲಸ. ಈ ಕಾಡಿನ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಟೂಸಾನ್ ಹತ್ತಿರದ ತೆರೆದ ಗಣಿಯೊಂದನ್ನು ಅಗೆಯುವಾಗ ಸುಮಾರು 53 ಮೀಟರ್ ಆಳದಲ್ಲಿ ಮೆಸ್ಕೀಟ್‌ನದೆಂದು ಗುರುತಿಸಿದ ಬೇರು ಸಿಕ್ಕಿತ್ತು, 1963ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ದಾಖಲಾಗಿದೆ. ಎಲ್ಲ ಮರವೂ ಅಷ್ಟು ಆಳಕ್ಕೆ ಹೋಗುವುದಿಲ್ಲ, ಅಷ್ಟು ಆಳದ ನೀರಿನಿಂದ ಕಾಡು ಬೆಳೆಯುವುದೂ ಇಲ್ಲ. ಆದರೆ ತಾಯಿಬೇರು ಎಷ್ಟರಮಟ್ಟಿಗೆ ನೀರನ್ನು ಅರಸಿ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ ಇದೆ. ಮೇ ಮತ್ತು ಜೂನ್ ಅಲ್ಲಿನ ಅತಿ ಒಣ ತಿಂಗಳುಗಳು. ಸುತ್ತಲಿನ ಗುಡ್ಡವೆಲ್ಲ ಬಾಡಿರುವಾಗ ಹೊಳೆದಂಡೆಯ ಮೆಸ್ಕೀಟ್ ತುಂಬು ಹಸಿರಾಗಿ ಕಾಯಿ ಕಟ್ಟುತ್ತಿರುತ್ತದೆ. ಮಳೆಯ ಹಂಗಿಲ್ಲದೆ ಕೆಳಗಿನ ನೀರು ಕುಡಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಡ. ಸ್ಯಾನ್ ಪೆಡ್ರೊ ದಂಡೆಯಲ್ಲಿ ಗೋಪುರ ನಿಲ್ಲಿಸಿ ಅಳೆದ ವಿಜ್ಞಾನಿಗಳು, ಆ ಕಾಡು ವರ್ಷದಲ್ಲಿ ಆವಿಯಾಗಿ ಬಿಡುವ ನೀರು ಅಲ್ಲಿ ಬೀಳುವ ಮಳೆಗಿಂತ ಬಹಳ ಹೆಚ್ಚು ಎಂದು ಕಂಡುಕೊಂಡಿದ್ದಾರೆ.

ಅದೇ ದಂಡೆಯಲ್ಲಿ ಬೇರುಗಳಿಗೆ ಉಪಕರಣ ಕಟ್ಟಿ ನೋಡಿದಾಗ ಇನ್ನೊಂದು ವಿಚಾರ ತಿಳಿಯಿತು. ರಾತ್ರಿ ಎಲೆಗಳಿಂದ ನೀರು ಆವಿಯಾಗುವುದು ತಗ್ಗಿದಾಗ, ತಾಯಿಬೇರು ಆಳದಿಂದ ಎಳೆದ ನೀರಿನ ಒಂದಷ್ಟು ಭಾಗ ಮೇಲ್ಪದರದ ಪಕ್ಕದ ಬೇರುಗಳಿಂದ ಒಣಮಣ್ಣಿಗೆ ಸೋರುತ್ತದೆ. ಬಾವಿಯ ನೀರನ್ನು ಕಾಲುವೆಗೆ ಎತ್ತಿ ಸುರಿಯುವ ಏತದ ಕೆಲಸವನ್ನು ಮರ ತಾನೇ ಮಾಡುತ್ತದೆ. ಮಳೆ ಬಂದ ಮೇಲೆ ದಿಕ್ಕು ತಿರುಗುತ್ತದೆ: ಮೇಲಿನ ಒದ್ದೆ ಮಣ್ಣಿನ ನೀರು ಬೇರಿನ ಮೂಲಕವೇ ಕೆಳಕ್ಕಿಳಿದು ಆಳದಲ್ಲಿ ಕೂಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಮರ ಬೋಳಾಗಿ ಮಲಗಿರುವಾಗಲೂ ಇದು ನಡೆಯುತ್ತದೆ. ಇದರ ಜೊತೆಗೆ ಬೇರಿನ ಗಂಟುಗಳ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಎಲೆ ಉದುರಿ ಗೊಬ್ಬರವಾಗುತ್ತದೆ. ಕೊಂಬೆಯ ಮೇಲೆ ಕೂತ ಹಕ್ಕಿ ಹ್ಯಾಕ್‌ಬೆರಿಯ ಬೀಜ ಉದುರಿಸುತ್ತದೆ, ಅದು ನೆರಳಲ್ಲಿ ಮೊಳೆಯುತ್ತದೆ. ಹೀಗೆ ಒಂದು ಮರ ತನ್ನ ಬುಡದಲ್ಲಿ ಹತ್ತು ಗಿಡಗಳಿಗೆ ಜಾಗ ಮಾಡಿಕೊಡುತ್ತದೆ.

ಈ ಕಾಡು ಅಲ್ಲಿ ಎಂದಿನಿಂದಲೂ ಹೀಗೇ ಇತ್ತು ಎಂದುಕೊಳ್ಳಬೇಡಿ. ಸ್ಯಾನ್ ಪೆಡ್ರೊ ಹತ್ತೊಂಬತ್ತನೇ ಶತಮಾನದಲ್ಲಿ ಬಹಳ ಕಡೆ ಆಳವಿಲ್ಲದ, ಜೌಗು ಹರಡಿದ ಹೊಳೆ. 1820ರ ದಶಕದಲ್ಲಿ ತುಪ್ಪಳದ ವ್ಯಾಪಾರಕ್ಕೆ ಬೀವರ್ (ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ) ಹಿಡಿಯುವವರು ಬರುವಷ್ಟು ಬೀವರ್‌ಗಳು ಅಲ್ಲಿದ್ದವು. 1880ರ ದಶಕದಲ್ಲಿ ದನದ ಹಿಂಡುಗಳು ಮಿತಿಮೀರಿ ತುಂಬಿದವು, 1890ರ ಸುಮಾರಿಗೆ ದೊಡ್ಡ ನೆರೆಗಳು ಬಂದವು, ಬೆನ್ನಿಗೇ ಬರ ಬಿತ್ತು. ಹೊಳೆ ತನ್ನ ಪಾತ್ರವನ್ನೇ ಕೊರೆದುಕೊಂಡು ಹಲವು ಮೀಟರ್ ಕೆಳಗಿಳಿಯಿತು. ಅಂತರ್ಜಲವೂ ಜೊತೆಗೆ ಇಳಿಯಿತು. ಜೌಗು ಬಯಲು ಒಣಗಿ ಎತ್ತರದ ದಿಬ್ಬವಾಯಿತು, ಸಕಟೋನ್ ಹುಲ್ಲಿದ್ದ ಕಡೆ ಮೆಸ್ಕೀಟ್ ಏರಿ ಬಂತು. ನೀವು ನೋಡಿದ ಕಾಡಿನ ಒಂದು ಭಾಗ ಆ ಅನಾಹುತದ ಮೇಲೆ ಬೆಳೆದದ್ದು. ಆದರೂ ಅದು ಅಮೂಲ್ಯವೇ, ಏಕೆಂದರೆ ಉಳಿದ ಕಡೆ ಇಷ್ಟೂ ಉಳಿಯಲಿಲ್ಲ.

ನಿಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಟೂಸಾನ್‌ನ ದಕ್ಷಿಣಕ್ಕೆ, ಸಾಂತಾ ಕ್ರೂಜ್ ನದಿಯ ದಂಡೆಯಲ್ಲಿ, ಸ್ಯಾನ್ ಹಾವಿಯೇರ್ ಹತ್ತಿರ ದೊಡ್ಡ ಮೆಸ್ಕೀಟ್ ಅರಣ್ಯ ಎಂದೇ ಹೆಸರಾದ ಕಾಡಿತ್ತು. ಪಕ್ಷಿವಿಜ್ಞಾನಿಗಳು ದೂರದಿಂದ ಹುಡುಕಿಕೊಂಡು ಬರುತ್ತಿದ್ದ ಜಾಗ. ಮೊದಲು ಸೌದೆಗೆ ಕಡಿದರು, ಆಮೇಲೆ ಪಂಪುಗಳು ನೀರನ್ನು ಬೇರಿನ ಕೈಗೆ ಸಿಗದಷ್ಟು ಕೆಳಗಿಳಿಸಿದವು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಕಾಡು ನಿಂತಲ್ಲೇ ಒಣಗಿತು. ಹೀಲಾ ನದಿಯ ಬಯಲಿನ ಕಾಸಾ ಗ್ರಾಂಡೆ ಸ್ಮಾರಕದ ಆವರಣದಲ್ಲೂ ಮೆಸ್ಕೀಟ್‌ಗಳು ಸಾಮೂಹಿಕವಾಗಿ ಸತ್ತವು, ಮುಖ್ಯ ಕಾರಣ ಸುತ್ತಲಿನ ಹೊಲಗಳ ಪಂಪು. ನಿಧಾನವಾಗಿ ಇಳಿಯುವ ನೀರಿನ ಹಿಂದೆ ಬೇರು ಹೋಗಬಲ್ಲದು, ವರ್ಷ ವರ್ಷ ಧಡಧಡನೆ ಇಳಿದರೆ ಹೋಗಲಾರದು.

ಹೀಲಾ ದಂಡೆಯ ಅಕಿಮೆಲ್ ಓಡಮ್ ಜನರ ಕಥೆ ಇನ್ನೂ ಕಷ್ಟದ್ದು. ಮೆಸ್ಕೀಟ್ ಕಾಯಿಯನ್ನು ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡಿ ತಿನ್ನುವುದು ಅವರಿಗೂ, ಟೂಸಾನ್ ಕಡೆಯ ಟೊಹೊನೊ ಓಡಮ್ ಜನರಿಗೂ ತಲೆತಲಾಂತರದ ರೂಢಿ. ಬೆಳೆ ಕೈಕೊಟ್ಟ ವರ್ಷ ಜೀವ ಉಳಿಸುತ್ತಿದ್ದುದು ಆ ಕಾಯಿ. 1870ರ ದಶಕದ ನಂತರ ಮೇಲ್ಭಾಗದಲ್ಲಿ ಬಂದು ನೆಲೆಸಿದವರು ಹೀಲಾದ ನೀರನ್ನು ತಿರುಗಿಸಿಕೊಂಡರು. ಕಾಲುವೆ ಬೇಸಾಯ ಮಾಡಿ ಗೋಧಿ ಮಾರುತ್ತಿದ್ದ ಜನ ಹಸಿವಿಗೆ ಬಿದ್ದರು. ಬೇರೆ ದಾರಿ ಕಾಣದೆ ತಮ್ಮದೇ ಮೆಸ್ಕೀಟ್ ಕಾಡನ್ನು ಕಡಿದು ಸೌದೆ ಮಾರಿ ದಿನ ತಳ್ಳಿದರು. ನೀರು ಕದ್ದವರೇ ಕಾಡನ್ನೂ ತಿಂದರು ಎಂದು ನಾನು ಹೇಳುವುದು ಇದಕ್ಕೆ.

ಸ್ಯಾನ್ ಪೆಡ್ರೊ ಉಳಿದದ್ದು ಅದಕ್ಕೆ ದೊಡ್ಡ ಅಣೆಕಟ್ಟು ಬೀಳದ ಕಾರಣ, ಮತ್ತು 1988ರಲ್ಲಿ ಅಮೆರಿಕದ ಸಂಸತ್ತು ಮೇಲ್ಭಾಗದ ಸುಮಾರು 65 ಕಿಲೋಮೀಟರ್ ದಂಡೆಯನ್ನು ರಕ್ಷಿತ ಪ್ರದೇಶ ಮಾಡಿದ ಕಾರಣ. ನೀವು ಕೇಳಿದ ಕಾನೂನು ಅದೇ. ದನಗಳನ್ನು ಬಹುಭಾಗದಿಂದ ಹೊರಗಿಟ್ಟ ಮೇಲೆ ದಂಡೆ ಕೆಲವೇ ವರ್ಷಗಳಲ್ಲಿ ಹಸಿರಾಯಿತು, 1999ರಿಂದ ಬೀವರ್‌ಗಳನ್ನೂ ತಂದು ಬಿಟ್ಟರು. ಆದರೆ ಗಡಿ ಕಲ್ಲು ನೆಟ್ಟು ಅಂತರ್ಜಲವನ್ನು ಕಾಯಲಾಗುವುದಿಲ್ಲ. ಪಕ್ಕದ ಸಿಯೆರಾ ವಿಸ್ಟಾ ಊರಿನ ಬೋರ್‌ವೆಲ್‌ಗಳು ಅದೇ ನೀರನ್ನು ಎತ್ತುತ್ತಿವೆ, ಅವುಗಳ ಪರಿಣಾಮ ಹೊಳೆಗೆ ಮುಟ್ಟಲು ದಶಕಗಳೇ ಬೇಕು. 1980ರ ಅರಿಜೋನಾ ಅಂತರ್ಜಲ ಕಾಯ್ದೆಯ ಬಿಗಿ ನಿಯಮಗಳು ಟೂಸಾನ್‌, ಫೀನಿಕ್ಸ್‌ಗೆ ಅನ್ವಯಿಸಿದವು, ಸ್ಯಾನ್ ಪೆಡ್ರೊ ಮೇಲ್ಕಣಿವೆಯನ್ನು ಹೊರಗೆ ಬಿಟ್ಟವು. ಕಾಡನ್ನು ಕಾನೂನಿನಿಂದ ಕಾಯುತ್ತ ಅದರ ನೀರನ್ನು ಬಿಟ್ಟುಕೊಡುವುದು ದೊಡ್ಡ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹಗರಿಗೆ ಬರೋಣ. ಅಲ್ಲೂ ಮರಳಿನಡಿ ನೀರಿದೆ, ಜಾಲಿಗೂ ಆಳದ ಬೇರಿದೆ. ಆದರೂ ಕಾಡಾಗುವುದಿಲ್ಲ. ಮೊದಲ ಕಾರಣ, ನಮ್ಮ ಹಳ್ಳದ ನೆರೆಹೊರೆ ಅದರ ಜೊತೆ ಬೆಳೆದು ಬಂದದ್ದಲ್ಲ. ಹೊಂಗೆ, ಕರಿಜಾಲಿ, ಈಚಲು, ಲಕ್ಕಿ, ಹೊಳೆಮತ್ತಿ ಇವುಗಳ ಜಾಗಕ್ಕೆ ಜಾಲಿ ಒಂಟಿಯಾಗಿ ಬಂದಿದೆ. ಅದರ ಎಲೆಯ ರಸಾಯನ ಬುಡದಲ್ಲಿ ಇತರ ಬೀಜ ಮೊಳೆಯುವುದನ್ನು ತಡೆಯುತ್ತದೆ. ಎರಡನೆಯದು, ಚಳಿಯ ಕಡಿವಾಣ ಇಲ್ಲ. ಟೂಸಾನ್ ಮೆಸ್ಕೀಟ್ ಚಳಿಗಾಲದಲ್ಲಿ ಎಲೆ ಉದುರಿಸಿ ಕೆಳಗಿನ ಸಸ್ಯಗಳಿಗೆ ಬಿಸಿಲು ಬಿಡುತ್ತದೆ, ನಮ್ಮ ಜಾಲಿ ಬಿಡುವುದೇ ಇಲ್ಲ. ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ನಾವು ಅದನ್ನು ಮರವಾಗಲು ಬಿಡುವುದಿಲ್ಲ. ಸೌದೆಗೆ, ಇದ್ದಿಲಿಗೆ ಎರಡು ಮೂರು ವರ್ಷಕ್ಕೊಮ್ಮೆ ಕಡಿಯುತ್ತೇವೆ, ಬುಡದಿಂದ ಹತ್ತು ಚಿಗುರು ಏಳುತ್ತವೆ, ಪೊದೆ ಇನ್ನಷ್ಟು ದಟ್ಟವಾಗುತ್ತದೆ. ಜೊತೆಗೆ ಹೊಳೆಯ ನೆರೆಯೂ ಮೊದಲಿನಂತಿಲ್ಲ, ಮೇಲೆ ಮಾರಿಕಣಿವೆಯಲ್ಲಿ 1907ರಷ್ಟು ಹಿಂದೆಯೇ ಅಣೆಕಟ್ಟು ಬಂದಿದೆ. ನೆರೆ ಉಜ್ಜಿ ಹೋಗದ ದಂಡೆಯಲ್ಲಿ ಒಮ್ಮೆ ಊರಿದ ಜಾಲಿ ಕದಲುವುದಿಲ್ಲ. ಅಂದಮಾತ್ರಕ್ಕೆ ಅದನ್ನು ಬರೀ ಶತ್ರು ಎನ್ನಲಾರೆ. ಬಯಲುಸೀಮೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ.

ನಿಮ್ಮ ತಂದೆಯವರಿಗೆ ಹೇಳಬೇಕಾದ್ದು ಇಷ್ಟು. ನೆಲಮಟ್ಟಕ್ಕೆ ಕಡಿದರೆ ಜಾಲಿ ಸಾಯುವುದಿಲ್ಲ, ಚಿಗುರಿನ ಕಣ್ಣುಗಳು ನೆಲದೊಳಗೆ ಬುಡದ ಗಡ್ಡೆಯಲ್ಲಿರುತ್ತವೆ. ಸುತ್ತ ಅಗೆದು ಒಂದಡಿ ಆಳದಲ್ಲಿ, ಪಕ್ಕದ ಬೇರುಗಳು ಒಡೆಯುವ ಜಾಗಕ್ಕಿಂತ ಕೆಳಗೆ ಬೇರು ಕತ್ತರಿಸಬೇಕು. ದೊಡ್ಡ ಮರಕ್ಕೆ ಜೆಸಿಬಿ ಬೇಕಾಗುತ್ತದೆ. ಕಾಯಿ ಬಲಿಯುವ ಮೊದಲು ಈ ಕೆಲಸ ಮಾಡಲಿ. ಕುರಿ, ದನ ಕಾಯಿ ತಿಂದು ಬಂದು ಹೊಲದಲ್ಲಿ ತಂಗಿದರೆ ಸಗಣಿ ಹಿಕ್ಕೆಯಲ್ಲಿ ಬೀಜ ಬರುತ್ತದೆ, ಕಾಯಿಯನ್ನು ಬೀಸಿ ಹಿಟ್ಟು ಮಾಡಿ ಇತರ ಮೇವಿನೊಡನೆ ಮಿತವಾಗಿ ಕೊಟ್ಟರೆ ಬೀಜವೂ ಸಾಯುತ್ತದೆ, ಒಳ್ಳೆಯ ಪಶು ಆಹಾರವೂ ಆಗುತ್ತದೆ. ತೆಗೆದ ಜಾಗವನ್ನು ಬೋಳು ಬಿಟ್ಟರೆ ಮುಂದಿನ ಮಳೆಗೇ ಸಸಿಗಳು ಏಳುತ್ತವೆ. ಹೊಳೆ ಅಂಚಿಗೆ ಹೊಂಗೆ, ಹೊಳೆಮತ್ತಿ, ಮೇಲಿನ ಬದುವಿಗೆ ಬನ್ನಿ, ಬೋರೆ ಹಾಕಿಸಿ, ಮೊದಲ ಎರಡು ಮೂರು ವರ್ಷ ಜಾಲಿ ಸಸಿ ಕೈಯಲ್ಲಿ ಕೀಳುವಷ್ಟಿರುವಾಗಲೇ ಕೀಳಿಸಿ. ದಂಡೆಯನ್ನು ಒಂದೇ ಸಲ ಪೂರ್ತಿ ಬೋಳು ಮಾಡಬೇಡಿ, ಮಣ್ಣು ಹೊಳೆಗೆ ಹೋಗುತ್ತದೆ. ತುಂಡು ತುಂಡಾಗಿ ತೆಗೆಸಿ.

ಟೂಸಾನ್ ಮನೆಯ ಮುಂದೆ ಧಾರಾಳವಾಗಿ ನೆಡಿ, ಆದರೆ ನರ್ಸರಿಯಲ್ಲಿ ವೆಲ್ವೆಟ್ ಮೆಸ್ಕೀಟ್ ಎಂದೇ ಕೇಳಿ ಪಡೆಯಿರಿ. ಚಿಲಿ, ಅರ್ಜೆಂಟೀನಾ ಮೂಲದ ಮುಳ್ಳಿಲ್ಲದ ಮಿಶ್ರ ತಳಿಗಳು ಬೇಗ ಬೆಳೆದು, ಜುಲೈ ಗಾಳಿಮಳೆಗೆ ಬುಡಸಮೇತ ಉರುಳುವುದು ಅಲ್ಲಿ ಮಾಮೂಲು. ನೀರನ್ನು ಬುಡದಲ್ಲೇ ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ, ಕೊಂಬೆ ಹರಡಿದಷ್ಟು ಅಗಲಕ್ಕೆ, ಆಳಕ್ಕೆ ಇಳಿಯುವಂತೆ ಕೊಡಿ. ಕಾಯಿಯ ಹಿಟ್ಟು ಮಾಡಬೇಕೆಂದಿದ್ದರೆ ಜೂನ್ ಕೊನೆಯಲ್ಲಿ, ಮಳೆ ಶುರುವಾಗುವ ಮೊದಲು, ಮರದಿಂದಲೇ ಬಿಡಿಸಿಕೊಳ್ಳಿ. ಮಳೆಗೆ ನೆನೆದ, ನೆಲಕ್ಕೆ ಬಿದ್ದ ಕಾಯಿಗೆ ಬೂಷ್ಟು ಹಿಡಿದು ವಿಷವಾಗುವ ಅಪಾಯವಿದೆ. ಒಳ್ಳೆಯ ಕಾಯಿ ಒಣಗಿದಾಗ ಪಟ್ಟನೆ ಮುರಿಯುತ್ತದೆ, ಅಗಿದರೆ ಸಿಹಿಯಿರುತ್ತದೆ. ಮರದಿಂದ ಮರಕ್ಕೆ ರುಚಿ ಬೇರೆ, ಕಹಿ ಇರುವ ಮರದ ಕಾಯಿ ಬಿಟ್ಟುಬಿಡಿ.